ಅನುಕಂಪದಲ್ಲಿ ಬಿ ಮೈನಸ್

ನಮ್ಮ ಮೊಮ್ಮಗಳಿಗೆ ಅನುಕಂಪದಲ್ಲಿ ಬಿ ಮೈನಸ್ ಬಂದಿದೆ.

ವಯಸ್ಸು ಮೂರು ವರ್ಷ ಎಂಟು ತಿಂಗಳು. ಎಣಿಕೆಯಲ್ಲಿ ಎ, ಬಣ್ಣ ಗುರುತಿಸುವುದರಲ್ಲಿ ಎ ಪ್ಲಸ್, ಕತ್ತರಿ ಹಿಡಿಯುವುದರಲ್ಲೂ ಅಡ್ಡಿಯಿಲ್ಲ. ಪ್ರಗತಿ ಪತ್ರದ ಕೊನೆಯ ಪುಟದಲ್ಲಿ ಒಂದು ಗುಲಾಬಿ ಬಣ್ಣದ ಹೃದಯ. ಅದರೊಳಗೆ ‘ಎಂಪಥಿ’ ಎಂಬ ಶಬ್ದ. ಪಕ್ಕದಲ್ಲಿ ಬಿ, ಅದರ ಹಿಂದೆ ಬಾಲದಂತೆ ಒಂದು ಗೀಟು. ನನ್ನ ಹೆಂಡತಿ ಕನ್ನಡಕ ಏರಿಸಿಕೊಂಡು ಓದಿ, ‘ಎಂತ ಸಬ್ಜೆಕ್ಟ್ ಮಾರಾಯ್ರೆ ಇದು? ಟ್ಯೂಶನ್ ಉಂಟಾ ಇದಕ್ಕೆ?’ ಎಂದಳು. ನಾನು ನಕ್ಕೆ. ಮುಂಬಯಿಯ ಬೈಕುಲ್ಲಾದಲ್ಲಿ ಐವತ್ತು ವರ್ಷ ಕಳೆದವನು ಹಾಗೆ ನಗಬಾರದಿತ್ತು. ಟ್ಯೂಶನ್ ಇತ್ತು. ವಾರಕ್ಕೆ ಎರಡು ದಿನ, ಲಾಲ್‌ಬಾಗಿನ ಒಂದು ಕಟ್ಟಡದ ಎರಡನೆಯ ಮಾಳಿಗೆಯಲ್ಲಿ. ತಿಂಗಳಿಗೆ ಐದು ಸಾವಿರ. ಫೀಸು ಕೇಳಿದ ಕೂಡಲೇ ನನಗೆ ನನ್ನ ಮೇಲೆಯೇ ಅನುಕಂಪ ಉಕ್ಕಿ ಬಂತು.

ಬಿ ಮೈನಸ್ ಯಾಕೆಂದು ವಿಚಾರಿಸಲು ಮಗ–ಸೊಸೆಯ ಜೊತೆ ನಾನೂ ಹೋದೆ. ನರ್ಸರಿ ಇರುವುದು ಹಿಂದೆ ಗಿರಣಿ ಇದ್ದ ಜಾಗದಲ್ಲಿ ಎದ್ದ ಟವರಿನ ಐದನೆಯ ಮಹಡಿಯಲ್ಲಿ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು, ಮೂಲೆಗೆ ಪ್ಲಾಸ್ಟಿಕ್ ಆಲದ ಮರ, ಬಿಳಲಿನ ತುದಿಯಲ್ಲಿ ಕ್ಯಾಮೆರಾ. ಅಲ್ಲಿ ಟೀಚರ್ ಎನ್ನಬಾರದು, ‘ಫೆಸಿಲಿಟೇಟರ್’ ಎನ್ನಬೇಕು. ಬಂದ ಹುಡುಗಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಪಾಪ, ಕಣ್ಣ ಕೆಳಗೆ ಕಪ್ಪು ವರ್ತುಲ. ಕೈಯಲ್ಲಿ ಇಪ್ಪತ್ತಾರು ಮಕ್ಕಳ ಅನುಕಂಪದ ಫಾರಂ.

ಮೊದಲ ಪ್ರಶ್ನೆ: ಕಾರ್ಡಿನಲ್ಲಿ ತುಟಿ ಕೆಳಗೆ ಬಾಗಿದ ಒಬ್ಬ ಹುಡುಗ. ಇವನಿಗೆ ಏನಾಗಿದೆ? ಸರಿಯುತ್ತರ: ‘ಸ್ಯಾಡ್’. ನಮ್ಮವಳು ಹೇಳಿದ್ದು: ‘ಸೂಸೂ ಬಂದಿದೆ.’ ನಾನು ಕಾರ್ಡನ್ನು ಇಸಿದುಕೊಂಡು ನೋಡಿದೆ. ಮುಖ ನಿಜಕ್ಕೂ ಹಾಗೇ ಇತ್ತು. ಅರವತ್ತೆಂಟನೆಯ ವಯಸ್ಸಿನಲ್ಲಿ, ಲೋಕಲ್ ಟ್ರೈನಿನಲ್ಲಿ ಕುರ್ಲಾದಿಂದ ಬೈಕುಲ್ಲಾವರೆಗೆ ನಿಂತು ಬರುವಾಗ ನನ್ನ ಮುಖವೂ ಅದೇ.

ಎರಡನೆಯದು: ನಿನ್ನ ಗೆಳತಿಯ ಐಸ್‌ಕ್ರೀಮ್ ನೆಲಕ್ಕೆ ಬಿತ್ತು, ನೀನು ಏನು ಮಾಡುವೆ? ಅಪ್ಪಿಕೊಳ್ಳುವುದು, ನನ್ನದರಲ್ಲಿ ಅರ್ಧ ಕೊಡುವುದು, ದೊಡ್ಡವರಿಗೆ ಹೇಳುವುದು: ಮೂರರಲ್ಲಿ ಯಾವುದಕ್ಕೂ ಅಂಕ ಉಂಟು. ನಮ್ಮವಳು ‘ಯಾವ ಐಸ್‌ಕ್ರೀಮ್?’ ಎಂದಳಂತೆ. ‘ಯಾವುದಾದರೂ’ ಎಂದರೆ, ‘ಪಿಸ್ತಾನಾ?’ ಫಾರಂನಲ್ಲಿ ಬರೆದಿತ್ತು: ವಿಷಯಾಂತರ ಮಾಡುತ್ತಾಳೆ.

ಮೂರನೆಯದು ಪ್ರಶ್ನೆಯಲ್ಲ, ಅಪರಾಧ. ಡಬ್ಬಿಯ ನೀರುದೋಸೆಯಲ್ಲಿ ಅರ್ಧ ಹರಿದು ಪಕ್ಕದ ಹುಡುಗನಿಗೆ ಕೊಟ್ಟಿದ್ದಾಳೆ. ಅವನು ಖಾಖ್ರಾ ಕೊಟ್ಟಿದ್ದಾನೆ. ಡಬ್ಬಿ ಹಂಚಿಕೊಳ್ಳುವುದು ನಿಷಿದ್ಧ. ಅಲರ್ಜಿಯ ಕಾರಣ, ಮೊಟ್ಟೆಯ ಕಾರಣ, ಬೆಳ್ಳುಳ್ಳಿಯ ಕಾರಣ, ಮತ್ತು ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ. ಇದೇ ನರ್ಸರಿಯಲ್ಲಿ ಪ್ರತಿ ಶುಕ್ರವಾರ ಹತ್ತು ಗಂಟೆಗೆ ಹಂಚಿ ತಿನ್ನುವುದರ ಕುರಿತ ಹಾಡು ಅಭಿನಯ ಸಹಿತ ಉಂಟು. ಹಾಡು ಮುಗಿದ ಮೇಲೆ ಮಕ್ಕಳು ಒಂದೊಂದು ಗೇಣು ದೂರ ಕೂತು ತಮ್ಮ ತಮ್ಮ ಡಬ್ಬಿ ತೆರೆಯಬೇಕು.

ಈ ‘ಎಂಪಥಿ’ ಎಂಬ ಶಬ್ದಕ್ಕೆ ಹೆಚ್ಚು ವಯಸ್ಸೇನೂ ಆಗಿಲ್ಲ. ಕಲೆಯನ್ನು ನೋಡುವವನು ಅದರೊಳಗೇ ಇಳಿದುಬಿಡುವುದಕ್ಕೆ ಜರ್ಮನರು ಬಳಸುತ್ತಿದ್ದ ಪದವನ್ನು 1909ರಲ್ಲಿ ಟಿಚನರ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲಿಷಿಗೆ ಇಳಿಸಿದ. ಅದಕ್ಕೂ ಮೊದಲು ಕುಂದಾಪುರದ ಕಡೆ ಕರುಳು ಚುರ್ ಎನ್ನುತ್ತಿತ್ತು, ಅಷ್ಟೇ. 1970ರ ದಶಕದಲ್ಲಿ ನಾನು ಇಲ್ಲಿಗೆ ಬಂದು ಹಗಲು ಹೋಟೆಲಿನಲ್ಲಿ ಕಪ್ಪು–ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದುತ್ತಿದ್ದಾಗ ಒಂದು ಖೋಲಿಯಲ್ಲಿ ಹದಿನಾಲ್ಕು ಜನ ಮಲಗುತ್ತಿದ್ದೆವು. ಯಾರಿಗೆ ಊರಿಂದ ಕೆಟ್ಟ ಕಾಗದ ಬಂದಿದೆಯೆಂದು ತಿಳಿಯಲು ಕಾರ್ಡು ಬೇಕಿರಲಿಲ್ಲ. ಪಕ್ಕದವನ ಬೆನ್ನು ಅಲುಗುವುದು ನಮ್ಮ ಬೆನ್ನಿಗೇ ತಿಳಿಯುತ್ತಿತ್ತು. ಅದು ದೊಡ್ಡ ಗುಣವೆಂದು ನಾನು ಹೇಳುತ್ತಿಲ್ಲ. ಜಾಗ ಇರಲಿಲ್ಲ.

ಮನೆಗೆ ಬಂದು ನಾನು ಓದಲು ಕೂತೆ. ನಿವೃತ್ತ ಬ್ಯಾಂಕ್ ಗುಮಾಸ್ತನ ಕೈಗೆ ಮೊಬೈಲು ಸಿಕ್ಕರೆ ಮನಶ್ಶಾಸ್ತ್ರಕ್ಕೂ ಉಳಿಗಾಲವಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಆ ಪಿಸ್ತಾ ಪ್ರಶ್ನೆಗೆ ಜವಾಬು. 1997ರಲ್ಲಿ ಬರ್ಕ್ಲಿಯ ರೆಪಾಚೋಲಿ ಮತ್ತು ಗೋಪ್ನಿಕ್ ಎಂಬ ಇಬ್ಬರು ವಿದುಷಿಯರು ಪುಟ್ಟ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು: ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೋಲಿ. ದೊಡ್ಡವರೊಬ್ಬರು ಬಿಸ್ಕತ್ತು ತಿಂದು ಮುಖ ಹಿಂಡಿ, ಬ್ರೊಕೋಲಿ ತಿಂದು ‘ಆಹಾ’ ಎಂದು, ಆಮೇಲೆ ‘ನನಗೂ ಸ್ವಲ್ಪ ಕೊಡು’ ಎಂದು ಕೈ ಚಾಚಿದರು. ಹದಿನಾಲ್ಕು ತಿಂಗಳ ಮಗು ತನಗೆ ಇಷ್ಟವಾದ ಬಿಸ್ಕತ್ತನ್ನೇ ಕೊಟ್ಟಿತು. ಹದಿನೆಂಟು ತಿಂಗಳ ಮಗು, ಇದೆಂಥ ರುಚಿಯೋ ಎಂದುಕೊಂಡಿರಬೇಕು, ಆದರೂ ಬ್ರೊಕೋಲಿಯನ್ನೇ ಎತ್ತಿ ಕೊಟ್ಟಿತು. ಎದುರಿನವರ ನಾಲಗೆ ಬೇರೆ, ನನ್ನ ನಾಲಗೆ ಬೇರೆ ಎಂಬುದು ನಾಲ್ಕು ತಿಂಗಳ ಅಂತರದಲ್ಲಿ ತಿಳಿದುಬಿಡುತ್ತದೆ. ಬಿದ್ದದ್ದು ಪಿಸ್ತಾವೋ ಅಲ್ಲವೋ ಎಂದು ಕೇಳಿದವಳಿಗೆ ಬಿ ಮೈನಸ್.

ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿ ಇನ್ನೂ ಹದಿನಾಲ್ಕನೆಯ ತಿಂಗಳಲ್ಲೇ ಇದೆ. ದೀಪಾವಳಿಗೆ ವಾಚ್‌ಮನ್‌ಗೆ ಸಕ್ಕರೆಯಿಲ್ಲದ ಮಿಠಾಯಿಯ ಪೊಟ್ಟಣ ಕೊಡುತ್ತದೆ. ಕಮಿಟಿಯವರಿಗೆ ಸಕ್ಕರೆ ಕಾಯಿಲೆ. ವಾಚ್‌ಮನ್ ಕೇಳಿದ್ದು ಕುರ್ಚಿ. ಕೇಳಿ ಮೂರು ವರ್ಷವಾಯಿತು. ಕುರ್ಚಿ ಕೊಟ್ಟರೆ ಕೂತುಬಿಡುತ್ತಾನೆ ಎಂಬುದು ಜನರಲ್ ಬಾಡಿಯಲ್ಲಿ ದಾಖಲಾದ ಅಭಿಪ್ರಾಯ.

ಇನ್ನೊಂದು ಪರೀಕ್ಷೆಯನ್ನು ನಾನೇ ಮನೆಯಲ್ಲಿ ಮಾಡಿ ನೋಡಿದೆ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬವರು ಮಾಡಿದ್ದು, ಬಹಳ ಹೆಸರುವಾಸಿ. ಒಬ್ಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಬದಲಿಸುತ್ತಾಳೆ. ಹುಡುಗ ಬಂದಾಗ ಎಲ್ಲಿ ಹುಡುಕುತ್ತಾನೆ? ನಾಲ್ಕು ವರ್ಷ ತುಂಬುವ ಮೊದಲು ಮಕ್ಕಳು ಸಾಮಾನ್ಯವಾಗಿ ಹೊಸ ಕಪಾಟನ್ನೇ ತೋರಿಸುತ್ತವೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂಬ ಲೆಕ್ಕ. ನಾನು ಚಾಕೊಲೇಟಿನ ಬದಲು ಚಕ್ಕುಲಿ ಬಳಸಿದೆ. ಚಕ್ಕುಲಿಯನ್ನು ನೀಲಿ ಡಬ್ಬಿಯಲ್ಲಿಟ್ಟು ನಾನು ಬಾಲ್ಕನಿಗೆ ಹೋದೆ. ಹೆಂಡತಿ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, ‘ಈಗ ಅಜ್ಜ ಎಲ್ಲಿ ಹುಡುಕುತ್ತಾರೆ ಪುಟ್ಟಿ?’ ಎಂದು ಕೇಳಿದಳು. ‘ಸ್ಟೀಲ್ ಡಬ್ಬೀಲಿ.’ ನಾಪಾಸು ಎಂದು ನಾನು ಬಾಲ್ಕನಿಯಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ. ‘ಯಾಕೆ?’ ಎಂದಳು ಅಜ್ಜಿ. ‘ಅಜ್ಜ ರಾತ್ರಿ ಎದ್ದು ಎಲ್ಲ ಡಬ್ಬೀನೂ ನೋಡ್ತಾರೆ.’

ಡಾಕ್ಟರು ನನಗೆ ಎಣ್ಣೆ ತಿಂಡಿ ಬಿಡಿಸಿ ಎಂಟು ತಿಂಗಳಾಗಿತ್ತು. ಆ ಪ್ರಯೋಗದ ಉಳಿದ ಫಲಿತಾಂಶಗಳನ್ನು ನಾನು ಇಲ್ಲಿ ಪ್ರಕಟಿಸುವುದಿಲ್ಲ.

ಮಗು ದೇವರ ಸಮಾನ ಎಂದು ಬರೆಯಲು ನಾನು ಹೊರಟಿಲ್ಲ. ನಮ್ಮವಳು ಕಚ್ಚುತ್ತಾಳೆ. ಜಾರುಬಂಡಿಯ ನೆತ್ತಿಯಲ್ಲಿ ಮುಂದಿನವನು ತಡಮಾಡಿದರೆ ಬೆನ್ನಿಗೆ ಕೈಯಿಟ್ಟು ‘ಸಹಾಯ’ ಮಾಡುತ್ತಾಳೆ. ಆದರೆ ಪ್ರಗತಿ ಪತ್ರ ಬಂದ ದಿನ ಸೊಸೆ ಅಡುಗೆಮನೆಯಲ್ಲಿ ಕೂತು ಅತ್ತಳು. ಆಫೀಸಿನಲ್ಲಿ ಹತ್ತು ಜನರನ್ನು ಆಳುವ ಹೆಂಗಸು. ಮಗಳ ಅನುಕಂಪ ಕಡಿಮೆಯಾಯಿತೆಂದು ಬಿಕ್ಕಿ ಬಿಕ್ಕಿ ಅತ್ತಳು. ಪುಟ್ಟಿ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ, ಹುಟ್ಟಿದಾಗಿನಿಂದ ಬಿಡದ, ಒಗೆಯಲೂ ಕೊಡದ, ಮೂಲೆ ಚೀಪಿ ಚೀಪಿ ಗಟ್ಟಿಯಾದ ಆ ಹಳದಿ ದುಪ್ಪಟಿಯನ್ನು ಎಳೆದುಕೊಂಡು ಬಂದು ಅಮ್ಮನ ಮಡಿಲಿಗೆ ಹಾಕಿದಳು. ತನಗೆ ಅಳು ಬಂದಾಗ ಯಾವುದು ಕೆಲಸ ಮಾಡುತ್ತದೋ ಅದು ಅಮ್ಮನಿಗೂ ಮಾಡೀತು ಎಂಬ ಅಂದಾಜು. ‘ಹೋಗು ಪುಟ್ಟಿ, ಡಿಸ್ಟರ್ಬ್ ಮಾಡಬೇಡ. ಮಮ್ಮಾ ನಿನ್ನ ಎಂಪಥಿ ಬಗ್ಗೆ ಬೇಜಾರಲ್ಲಿದ್ದಾಳೆ’ ಎಂದಳು ಸೊಸೆ.

ಹೆರಿಗೆ ವಾರ್ಡಿಗೆ ಹೋದವರಿಗೆಲ್ಲ ಗೊತ್ತು: ಒಂದು ಕೂಸು ಅತ್ತರೆ ಸಾಲಿನ ಕೂಸುಗಳೆಲ್ಲ ಶುರುಮಾಡುತ್ತವೆ. 1971ರಲ್ಲಿ ಸಿಮ್ನರ್ ಎಂಬವರು ಇದನ್ನೇ ಪರೀಕ್ಷಿಸಿದರು. ಯಂತ್ರದಿಂದ ಹೊರಡಿಸಿದ ಅಳುವಿಗಿಂತ ನಿಜವಾದ ಇನ್ನೊಂದು ಕೂಸಿನ ಅಳುವಿಗೆ ಹಸುಗೂಸುಗಳು ಹೆಚ್ಚು ಅಳುತ್ತವೆ. ಹೆಸರಿಡುವ ಮೊದಲೇ ಬಂದ ವಿದ್ಯೆ. ಅದನ್ನು ಮೊದಲು ಬಿಡಿಸಿ, ಆಮೇಲೆ ಲಾಲ್‌ಬಾಗಿನ ಎರಡನೆಯ ಮಾಳಿಗೆಯಲ್ಲಿ ಐದು ಸಾವಿರಕ್ಕೆ ವಾಪಸು ಕಲಿಸಲಾಗುತ್ತದೆ.

ಕಲಿಸುವ ವಿಧಾನವೂ ಸೊಗಸು. ಒಂದು ಒಳ್ಳೆಯ ಕೆಲಸಕ್ಕೆ ಒಂದು ಸ್ಟಾರ್. ಹತ್ತು ಸ್ಟಾರಿಗೆ ಒಂದು ಆಟಿಕೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಮಾಡಿದ ಕೆಲಸ ನಮ್ಮ ನರ್ಸರಿಗೆ ತಲುಪಿಲ್ಲ. ದೊಡ್ಡವರ ಕೈಯಿಂದ ಬಟ್ಟೆಯ ಕ್ಲಿಪ್ಪು ಬಿದ್ದರೆ ಹದಿನೆಂಟು ತಿಂಗಳ ಮಗು ತಾನಾಗಿ ಎತ್ತಿಕೊಡುತ್ತದೆ, ಎರಡು ಕೈಯೂ ತುಂಬಿರುವವರಿಗೆ ಕಪಾಟಿನ ಬಾಗಿಲು ತೆಗೆದುಕೊಡುತ್ತದೆ ಎಂದು ಅವರು 2006ರಲ್ಲಿ ತೋರಿಸಿದರು. 2008ರಲ್ಲಿ ಇನ್ನೊಂದು: ಹಾಗೆ ಎತ್ತಿಕೊಟ್ಟಿದ್ದಕ್ಕೆ ಪ್ರತಿಸಲ ಬಹುಮಾನ ಪಡೆದ ಮಕ್ಕಳು ಆಮೇಲೆ ಎತ್ತಿಕೊಡುವುದನ್ನು ಕಡಿಮೆ ಮಾಡಿದವು. ನಮ್ಮ ಕಟ್ಟಡದ ಏಳನೆಯ ಮಹಡಿಯ ಹುಡುಗ ಈ ಶಾಸ್ತ್ರವನ್ನು ಓದದೆಯೇ ಅರೆದು ಕುಡಿದಿದ್ದಾನೆ. ಮೊನ್ನೆ ಲಿಫ್ಟಿನಲ್ಲಿ ನನ್ನ ಚೀಲದಿಂದ ಟೊಮೆಟೊ ಉರುಳಿತು. ಅವನು ಅದನ್ನೂ ನನ್ನನ್ನೂ ನೋಡಿ, ‘ಅಂಕಲ್, ನಿಮ್ಮ ಹತ್ರ ಸ್ಟಾರ್ ಇದೆಯಾ?’ ಎಂದ.

ಇಷ್ಟಾದರೂ ನರ್ಸರಿಯಲ್ಲಿ ಸೀಟು ಸಿಕ್ಕಿದ್ದೇ ದೊಡ್ಡ ಕಥೆ. ಸಂದರ್ಶನ ಎನ್ನಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ನಿನ ಪ್ರಕಾರ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000. ಆದರೆ ಆ ಕಾಯ್ದೆಯ ‘ಮಗು’ ಆರು ವರ್ಷಕ್ಕೆ ಹುಟ್ಟುತ್ತದೆ. ನರ್ಸರಿ ಪ್ರವೇಶಕ್ಕೆ ಇದು ಅನ್ವಯಿಸದು ಎಂದು 2013ರಲ್ಲಿ ದೆಹಲಿ ಹೈಕೋರ್ಟೂ ಹೇಳಿತು. ನರ್ಸರಿಯಲ್ಲಿ ಪರೀಕ್ಷೆ, ಸಂದರ್ಶನ ಬೇಡವೆಂದು ಯಶಪಾಲ್ ಸಮಿತಿ 1993ರಲ್ಲೇ ಬರೆದಿಟ್ಟಿತ್ತು. ಅದಕ್ಕೂ ಮೊದಲು, 1989ರಲ್ಲಿ, ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಎದ್ದು ನಿಂತು ಮಕ್ಕಳ ಬೆನ್ನಿನ ಚೀಲದ ಬಗ್ಗೆ ಮಾತಾಡಿದ್ದರು. ಎಲ್ಲರೂ ಮೆಚ್ಚಿಕೊಂಡರು. ಮೆಚ್ಚುಗೆಯೂ ಚೀಲಕ್ಕೇ ಸೇರಿತು. ಈಗ ನಡೆಯುವುದಕ್ಕೆ ‘ಇಂಟರ್‌ಆಕ್ಷನ್’ ಎಂದು ಹೆಸರು. ಅಜ್ಜ–ಅಜ್ಜಿಯೂ ಬರಬೇಕು. ‘ಮಗುವಿನ ಭಾವನೆಗಳನ್ನು ನೀವು ಹೇಗೆ ವ್ಯಾಲಿಡೇಟ್ ಮಾಡುತ್ತೀರಿ?’ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿದ್ದ ವ್ಯಾಲಿಡೇಟ್ ಒಂದೇ. ಹಿಂದೆ ಸ್ಟೇಷನ್ನಿನಲ್ಲಿ ರೈಲು ಕೂಪನ್ನನ್ನು ಯಂತ್ರದ ಬಾಯಿಗೆ ಒತ್ತಿ ಮುದ್ರೆ ಹಾಕಿಸುತ್ತಿದ್ದೆವಲ್ಲ, ಅದು. ‘ಬಾಯಿಯೊಳಗೆ ಸರಿಯಾಗಿ ತೂರಿಸಿ, ಗಟ್ಟಿಯಾಗಿ ಒತ್ತಬೇಕು’ ಎಂದೆ. ಬಹುಶಃ ಅವರು ಊಟದ ವಿಷಯವೆಂದುಕೊಂಡರು. ಸೀಟು ಸಿಕ್ಕಿತು.

ಇದೇ ಮುಂಬಯಿಯಲ್ಲಿ 1892ರಲ್ಲಿ ತಾರಾಬಾಯಿ ಮೋಡಕ್ ಎಂಬಾಕೆ ಹುಟ್ಟಿದರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಶಿಶುಶಿಕ್ಷಣದ ಕೆಲಸ ಮಾಡಿ, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಉಳ್ಳವರ ಮಕ್ಕಳಿಗೆ ಪಾಠ ಹೇಳುವುದರಲ್ಲೇ ಆಯುಷ್ಯ ಕಳೆಯಬಹುದಿತ್ತು. 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋದರು, ಆಮೇಲೆ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಮಕ್ಕಳ ನಡುವೆ. ಶಾಲೆ ತೆರೆದರೆ ಮಕ್ಕಳು ಬರಲಿಲ್ಲ. ಮಕ್ಕಳಿಗೇ ಬುದ್ಧಿಯಿಲ್ಲ ಎಂದು ಫಾರಂ ತುಂಬುವ ಬದಲು, ತಾರಾಬಾಯಿ ಮತ್ತು ಅವರ ಶಿಷ್ಯೆ ಅನುತಾಯಿ ವಾಘ್ ಶಾಲೆಯನ್ನೇ ಅವರ ಅಂಗಳಕ್ಕೆ ಹೊತ್ತುಕೊಂಡು ಹೋದರು. ಅದು ಅಂಗನವಾಡಿ. ದನ ಮೇಯಿಸುವ ಮಕ್ಕಳ ಹಿಂದೆ ಹುಲ್ಲುಗಾವಲಿಗೂ ಶಾಲೆ ಹೋಯಿತು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಶುರುಮಾಡಿದಾಗ ಅಂಗನವಾಡಿ ಎಂಬ ಹೆಸರು ದೇಶಕ್ಕೆಲ್ಲ ಹರಡಿತು. ಕರ್ನಾಟಕದಲ್ಲಿ ಮೊದಲು ತೆರೆದದ್ದು ಟಿ. ನರಸೀಪುರದಲ್ಲಿ. ಆ ಅಂಗಳದಲ್ಲಿ ಈಗ ಪಾಠ ಹೇಳುವಾಕೆಗೆ ಸಂಬಳವಿಲ್ಲ, ‘ಗೌರವಧನ’. ಕೇಂದ್ರದ ಪಾಲು ತಿಂಗಳಿಗೆ 4,500 ರೂಪಾಯಿ ಎಂದು 2018ರಲ್ಲಿ ಏರಿಸಿದರು. 2023ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಅಂಗನವಾಡಿಯವರು ಮುಷ್ಕರಕ್ಕೆ ಕೂತರು. ನಮ್ಮ ಅನುಕಂಪದ ಟ್ಯೂಶನ್ನಿನ ಒಂದು ತಿಂಗಳ ಫೀಸು ಕೇಂದ್ರದ ಆ ಪಾಲಿಗಿಂತ ಐನೂರು ಹೆಚ್ಚು. ಅಂಗಳ ಐದನೆಯ ಮಹಡಿಗೆ ಏರಿದೆ, ಬೆಲೆಯೂ ಏರಬೇಕಷ್ಟೆ.

ಕಳೆದ ತಿಂಗಳು ಮಕ್ಕಳನ್ನು ಬೈಕುಲ್ಲಾದ ರಾಣಿಬಾಗ್ ಮೃಗಾಲಯಕ್ಕೆ ಕರೆದೊಯ್ದರು. ‘ಭಾವನೆಗಳ ಪ್ರವಾಸ’ವಂತೆ. ಸಹಾಯಕ್ಕೆ ಅಜ್ಜಂದಿರೂ ಬರಬಹುದು ಎಂದರು, ಹೋದೆ. 1861ರ ಉದ್ಯಾನ, ಅಲ್ಲಿ ಹುಲಿ, ಮೊಸಳೆ ಎಲ್ಲ ಇದ್ದರೂ ಅನುಕಂಪಕ್ಕೆ ಗೊತ್ತುಮಾಡಿದ ಪ್ರಾಣಿ ಪೆಂಗ್ವಿನ್. 2016ರ ಜುಲೈಯಲ್ಲಿ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ವಿಮಾನದಲ್ಲಿ ಬಂದವು. ಅಕ್ಟೋಬರಿನಲ್ಲಿ ಒಂದು ಸತ್ತಾಗ ಪಾಲಿಕೆಯಲ್ಲಿ ಕೋಲಾಹಲ. 2018ರ ಆಗಸ್ಟ್ 15ರಂದು ಮರಿ ಹುಟ್ಟಿತು, ಭಾರತದಲ್ಲಿ ಹುಟ್ಟಿದ ಮೊದಲ ಪೆಂಗ್ವಿನ್ ಎಂದು ಪತ್ರಿಕೆಗಳು ಕುಣಿದವು. ವಾರದಲ್ಲಿ ಅದು ಸತ್ತಾಗ ನಗರ ಮರುಗಿತು. ಗಾಜಿನ ಆಚೆ ಹದಿನಾರರಿಂದ ಹದಿನೆಂಟು ಡಿಗ್ರಿ. ಈಚೆ ನಾವು, ಬೆವರು. ಮಕ್ಕಳ ಕೈಗೆ ಹಾಳೆ ಕೊಟ್ಟರು: ಪೆಂಗ್ವಿನ್‌ಗೆ ಏನನಿಸುತ್ತಿದೆ, ಚಿತ್ರ ಬರೆಯಿರಿ. ಇಪ್ಪತ್ತೈದು ಮಕ್ಕಳು ಬಾಯಿ ಕೆಳಗೆ ಬಾಗಿದ ಪೆಂಗ್ವಿನ್ ಬರೆದರು, ಟ್ಯೂಶನ್ನಿನ ಫಲ. ನಮ್ಮವಳು ಪೆಂಗ್ವಿನ್ ಹೇಲುವುದನ್ನು ಬರೆದಳು. ನನ್ನ ಕಣ್ಣಮುಂದೆ ಅದು ಮಾಡಿದ್ದೂ ಅದನ್ನೇ.

ಅದೇ ಬೈಕುಲ್ಲಾದಲ್ಲಿ ಹೆಂಗಸರ ಜೈಲು ಇದೆ. ಒಳಗೂ ನರ್ಸರಿ ವಯಸ್ಸಿನ ಮಕ್ಕಳಿರುತ್ತಾರೆ. ತಾಯಿ ಕೈದಿಯಾದರೆ ಆರು ವರ್ಷದವರೆಗೆ ಮಗು ಜೊತೆಗಿರಬಹುದು. ಸುಪ್ರೀಂ ಕೋರ್ಟು 2006ರ ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ಇದರ ಬಗ್ಗೆ ಉದ್ದದ ಆದೇಶ ಕೊಟ್ಟಿದೆ. ಮೂರರೊಳಗಿನವರಿಗೆ ಶಿಶುವಿಹಾರ, ಮೂರರಿಂದ ಆರಕ್ಕೆ ನರ್ಸರಿ ಇರಬೇಕು. ಒಳಗೆ ಹುಟ್ಟಿದರೆ ಜನನ ಪತ್ರದಲ್ಲಿ ಜೈಲು ಎಂದು ನಮೂದಿಸದೆ ಆ ಬಡಾವಣೆಯ ಹೆಸರು ಬರೆಯಬೇಕು. ಕೋರ್ಟಿಗೆ ಯಾರು ಟ್ಯೂಶನ್ ಕೊಟ್ಟರೋ ಕಾಣೆ. 2017ರ ಜೂನ್‌ನಲ್ಲಿ ಇದೇ ಜೈಲಿನಲ್ಲಿ ಎರಡು ಮೊಟ್ಟೆ, ಐದು ಪಾವ್ ಲೆಕ್ಕಕ್ಕೆ ಸಿಗಲಿಲ್ಲ ಎಂಬ ಮಾತಿನಿಂದ ಶುರುವಾದದ್ದು ಒಬ್ಬ ಕೈದಿಯ ಸಾವಿನಲ್ಲಿ ಮುಗಿಯಿತು. ಸಿಬ್ಬಂದಿ ಆರು ಮಂದಿಯ ಮೇಲೆ ಕೊಲೆಯ ಆರೋಪ ಬಂತು. ‘ಭಾವನೆಗಳ ಪ್ರವಾಸ’ದ ಬಸ್ಸು ಆ ಕಡೆಗೆ ಹೋಗುವುದಿಲ್ಲ. ಅಲ್ಲಿ ಪಾರ್ಕಿಂಗ್ ಇಲ್ಲ.

ಹೋದ ವಾರ ನರ್ಸರಿಯಲ್ಲಿ ‘ಎಂಪಥಿ ವೀಕ್’. ಮನೆಪಾಠ: ನಿಮ್ಮ ಮಗು ತನ್ನ ಆಟಿಕೆಯನ್ನು ಇಲ್ಲದವರಿಗೆ ಕೊಡುತ್ತಿರುವ ಫೋಟೋ ಕಳಿಸಿ. ಅಡ್ಡ ಫೋಟೋ, ಬೆಳಕು ಮುಖದ ಮೇಲೆ. ಈಗ ‘ಇಲ್ಲದವರು’ ಎಲ್ಲಿ ಸಿಗಬೇಕು? ನಮ್ಮ ಕಟ್ಟಡದಲ್ಲೇ ಆ ನರ್ಸರಿಯ ಮಕ್ಕಳು ಒಂಬತ್ತು. ಇಲ್ಲದವಳು ಒಬ್ಬಳೇ: ನಮ್ಮ ಮನೆಗೂ ಇನ್ನು ನಾಲ್ಕು ಮನೆಗೂ ಪಾತ್ರೆ ತಿಕ್ಕಲು ಬರುವ ಬಾಯಿಯ ಮಗಳು, ನಾಲ್ಕೂವರೆ ವರ್ಷ. ಮಧ್ಯಾಹ್ನ ಬಾಲವಾಡಿ ಮುಗಿಸಿ ಬಂದು ಅಮ್ಮನ ಕೆಲಸ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಲಿಫ್ಟ್ ಅವಳಿಗಲ್ಲ. ಆ ವಾರ ಮಾತ್ರ ಅವಳಿಗೆ ಲಿಫ್ಟಿನಲ್ಲೂ ಆಹ್ವಾನ. ಎರಡನೆಯ ಮಹಡಿಯಲ್ಲಿ ಮೂರು ಗಂಟೆಗೆ, ಏಳರಲ್ಲಿ ಮೂರೂವರೆಗೆ, ಹನ್ನೊಂದರಲ್ಲಿ ನಾಲ್ಕಕ್ಕೆ. ಒಂದು ಮನೆಯವರು ಟೆಡ್ಡಿ ಕೊಟ್ಟು, ಫೋಟೋ ಮಸುಕಾಯಿತೆಂದು ವಾಪಸು ಇಸಿದುಕೊಂಡು ಮತ್ತೆ ಕೊಟ್ಟರು. ಇನ್ನೊಬ್ಬರ ಮನೆಯಲ್ಲಿ ಕೊಟ್ಟ ಕಾರು ಫೋಟೋ ಆದ ಮೇಲೆ ಮರಳಿ ಷೋಕೇಸಿಗೆ ಹೋಯಿತಂತೆ. ಹುಡುಗಿ ಎರಡು ದಿನದಲ್ಲಿ ಕಸುಬು ಕಲಿತಳು. ಕೈ ಯಾವಾಗ ಚಾಚಬೇಕು, ನಗು ಎಷ್ಟು ಹೊತ್ತು ಹಿಡಿದಿಡಬೇಕು, ಎಲ್ಲ.

ನಮ್ಮ ಸರದಿ ಶುಕ್ರವಾರ. ಫೋಟೋಗ್ರಾಫರ್ ನಾನೇ. ಸೊಸೆ ಆರಿಸಿದ ಗೊಂಬೆಯನ್ನು ಪುಟ್ಟಿ ಕೊಟ್ಟಳು, ನಾನು ಮೊಬೈಲು ಎತ್ತುವಷ್ಟರಲ್ಲಿ ಕಿತ್ತುಕೊಂಡಳು. ಬಾಯಿಯ ಮಗಳೂ ಬಿಡಲಿಲ್ಲ, ವಾರದಲ್ಲಿ ಮೊದಲ ಸಲ ನಗು ಮರೆತು ಎರಡೂ ಕೈಯಿಂದ ಹಿಡಿದು ಎಳೆದಳು. ಗೊಂಬೆಯ ತೋಳು ಕಿತ್ತು ಬಂತು. ಇಬ್ಬರೂ ಒಂದು ಕ್ಷಣ ತೋಳನ್ನು ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು ನನ್ನ ಕರ್ಚೀಫಿನಿಂದ ಅದಕ್ಕೆ ಪಟ್ಟಿ ಕಟ್ಟಲು ಶುರುಮಾಡಿದರು, ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಜಗಳವಾಡುತ್ತಲೇ. ನನ್ನ ಮೊಬೈಲಿನಲ್ಲಿ ಉಳಿದದ್ದು ಎಳೆದಾಟದ ಚಿತ್ರ ಒಂದೇ. ಸೊಸೆ ನೋಡಿ, ‘ಮಾವ, ಇದನ್ನು ಕಳಿಸಿದರೆ ಸಿ ಬರುತ್ತದೆ’ ಎಂದಳು. ಮಗ ಹಳೆಯ ಹುಟ್ಟುಹಬ್ಬದ ಫೋಟೋ ಒಂದನ್ನು ಕತ್ತರಿಸಿ ಕಳಿಸಿದ. ಎ ಬಂತು.

ಸೋಮವಾರ ಮಧ್ಯಾಹ್ನ ಹಾಲಿಗೆಂದು ಇಳಿಯುವಾಗ ಬಾಯಿಯ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದಳು.

‘ಆಜೋಬಾ, ಆಜ್ ಫೋಟೋ ನಾಹೀ?’ ಎಂದಳು.

ಇವತ್ತಿಲ್ಲ ಎಂದೆ. ಈ ವಾರ ನರ್ಸರಿಯಲ್ಲಿ ‘ಕೃತಜ್ಞತೆಯ ವಾರ’. ಅದಕ್ಕೆ ಇವಳು ಬೇಕಾಗುತ್ತಾಳೋ ಏನೋ, ಸೊಸೆಯನ್ನು ಕೇಳಿ ಹೇಳಬೇಕು.